ನೇತಾಡುವ ತಂತಿಯ ವಿಲೇವಾರಿ

ಶಾಲೆಯ ಆವರಣದಲ್ಲಿ ಯಾವ ತಂತಿಯೂ ನೇತಾಡಕೂಡದು; ನೇತಾಡುವುದು ಕಂಡುಬಂದಲ್ಲಿ, ಕಂಡವರು ಅದನ್ನು ಹತ್ತಿರದ ಖಾಲಿ ತೂತಿಗೆ ಸಿಕ್ಕಿಸತಕ್ಕದ್ದು. ಶಿಸ್ತು ಸಪ್ತಾಹದ ಈ ನಿಯಮ ಜಾರಿಗೆ ಬಂದ ಬೆಳಿಗ್ಗೆಯೇ ಶಾಲೆಯ ಅಷ್ಟೂ ಕಂಪ್ಯೂಟರುಗಳು ಮೌನವ್ರತ ಹಿಡಿದವು. ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಅನ್ನಿಸಲಿಲ್ಲ.

ಅನ್ನಿಸಿದ್ದು ಜಾಲದಕ್ಕನಿಗೆ ಮಾತ್ರ. ನೆಟ್‌ವರ್ಕ್ ನೋಡಿಕೊಳ್ಳುವ ಆಕೆಗೆ ಮಕ್ಕಳಿಟ್ಟ ಹೆಸರದು. ಕೆಲಸ ಇನ್ನೂ ತಾತ್ಕಾಲಿಕ. ಮರುದಿನ ತಪಾಸಣಾಧಿಕಾರಿಗಳ ಎದುರು ಆನ್‌ಲೈನ್ ಪರೀಕ್ಷೆ ಸುಸೂತ್ರವಾಗಿ ನಡೆದರೆ ಕಾಯಂ; ಇಲ್ಲದಿದ್ದರೆ ಮನೆ.

ಮೇಜುಗಳ ಕೆಳಗೆ ತೆವಳುತ್ತ, ತಂತಿಯ ಜಾಡು ಹಿಡಿದು ಹೊರಟವಳು ಶಿಕ್ಷಕರ ಕೊಠಡಿ ತಲುಪಿದಳು. ಬಿಸ್ಕತ್ತಿನ ಡಬ್ಬದ ಹಿಂದೆ ಒಂದು ನೆಟ್‌ವರ್ಕ್ ತಂತಿಯನ್ನು ಹಲವರಿಗೆ ಹಂಚುವ ಅಂಗೈಯಗಲದ 'ಹಬ್' ಒಂದು ಮೈಮೇಲೆ ಬಂದಂತೆ ಮಿಣುಕುತ್ತಿತ್ತು.

"ಇದ್ಯಾರದು?"

"ನಂದೇ," ಎಂದರು ಗಣಿತದ ಮೇಷ್ಟ್ರು. "ಗೋಡೇಲಿ ಇರೋದು ಒಂದೇ ತೂತು, ನಾವು ಐದು ಜನ. ಮನೆಯಿಂದ ತಂದೆ."

"ಅನುಮತಿ?"

"ಕೇಳಿದ್ರೆ ನೀವು ಇಲ್ಲ ಅನ್ಬೇಕಾಗಿತ್ತು. ಪಾಪ, ನಿಮಗ್ಯಾಕೆ ಸಂಕಟ ಅಂತ ಕೇಳ್ಲಿಲ್ಲ."

"ಹೋಗ್ಲಿ, ಒಂದೇ ತಂತಿಯ ಎರಡೂ ತುದಿ ಇದಕ್ಕೇ ಚುಚ್ಚಿದೋರು ಯಾರು?"

ಉಪಮುಖ್ಯೋಪಾಧ್ಯಾಯಿನಿ ಹೆಮ್ಮೆಯಿಂದ ಕೈಯೆತ್ತಿದರು. "ಒಂದು ತುದಿ ನೇತಾಡ್ತಿತ್ತು. ಪಕ್ಕದಲ್ಲೇ ತೂತಿತ್ತು."

"ಮೇಡಂ, ಹೀಗಾದ್ರೆ ಹೊರಗೆ ಹೋದ ಸುದ್ದಿ ಮತ್ತೆ ಒಳಗೇ ಬರುತ್ತೆ. ಗಾಣದೆತ್ತಿನ ಹಾಗೆ ಸುತ್ತುತ್ತಾನೇ ಇರುತ್ತೆ. ಬೇರೆಯವರಿಗೆ ದಾರೀನೇ ಇರಲ್ಲ."

"ನಮ್ಮ ಕಡತಗಳೂ ಹಾಗೇ ಸುತ್ತುತ್ವಲ್ಲಮ್ಮ. ಶಾಲೆ ನಿಂತಿದ್ಯಾ?"

ಜಾಲದಕ್ಕ ಒಂದು ತುದಿ ಕಿತ್ತಳು. ಕಂಪ್ಯೂಟರುಗಳಿಗೆ ಜೀವ ಬಂತು. ಮೆಟ್ಟಿಲಿಳಿಯುವಷ್ಟರಲ್ಲಿ ಹೋಯಿತು: ಚಿತ್ರಕಲೆಯ ಮೇಷ್ಟ್ರು ನಿಯಮ ಪಾಲಿಸಿದ್ದರು. ಮತ್ತೆ ಕಿತ್ತಳು. ಈ ಸಲ ಗಂಟೆ ಹೊಡೆಯುವವನು ಪಾಲಿಸಿದ.

ತಂತಿಯನ್ನೇ ತೆಗೆಯೋಣವೆಂದರೆ ಅದು ಶಾಲೆಯ ಆಸ್ತಿ, ತೆಗೆಯಲು ಮೇಲಿನ ಅಪ್ಪಣೆ ಬೇಕು. ಹಬ್ ತೆಗೆಯೋಣವೆಂದರೆ ಅದು ಶಾಲೆಯ ದಾಖಲೆಯಲ್ಲೇ ಇಲ್ಲ. ಇಲ್ಲದ್ದನ್ನು ತೆಗೆಯುವುದು ಹೇಗೆ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಪ್ರಶ್ನೆ ನ್ಯಾಯವಾಗಿತ್ತು.

ಸಂಜೆ ಜಾಲದಕ್ಕ ಒಂದು ಖಾಲಿ ಪೆಟ್ಟಿಗೆಗೆ ತೂತು ಕೊರೆದು, ತಂತಿಗೆ ಹಬ್‌ಗಿಂತ ಹತ್ತಿರದಲ್ಲಿ ಗೋಡೆಗೆ ಬಡಿದು, ನೇತಾಡುವ ತುದಿಯನ್ನು ಅದರೊಳಗೆ ತೂರಿಸಿದಳು. ನಿಯಮವೂ ಉಳಿಯಿತು, ನೆಟ್‌ವರ್ಕೂ ಉಳಿಯಿತು.

ಮರುದಿನ ಪರೀಕ್ಷೆ ನೀರು ಹರಿದಂತೆ ನಡೆಯಿತು. ಆಮೇಲೆ ತಪಾಸಣಾಧಿಕಾರಿಗಳು ಪೆಟ್ಟಿಗೆಯ ಮುಂದೆ ನಿಂತರು.

"ಇದರೊಳಗೆ ಏನಿದೆ?"

ಜಾಲದಕ್ಕ ನಿಜವನ್ನೇ ಹೇಳಿದಳು. "ಏನೂ ಇಲ್ಲ ಸಾರ್."

"ಹಾಗಾದ್ರೆ ಕೆಡೋದೂ ಇಲ್ಲ," ಎಂದು ಅವರು ತಲೆದೂಗಿದರು. "ಎಲ್ಲಾ ಶಾಲೆಗೂ ಹಾಕಿಸ್ಬೇಕು."

ವಾರದೊಳಗೆ ಆದೇಶ ಬಂತು. ಜಾಲದಕ್ಕ ಕಾಯಂ ಆದಳು. ಹುದ್ದೆಯ ಹೆಸರು 'ಖಾಲಿ ಪೆಟ್ಟಿಗೆ ಮೇಲ್ವಿಚಾರಕಿ'. ನೆಟ್‌ವರ್ಕನ್ನು ಬಿಡುವಿದ್ದಾಗ ನೋಡಿಕೊಳ್ಳತಕ್ಕದ್ದು.

ಅಭಿನಂದಿಸಲು ಮೊದಲು ಬಂದವರು ಗಣಿತದ ಮೇಷ್ಟ್ರು. ಪೆಟ್ಟಿಗೆಯನ್ನು ಮೇಲೆ ಕೆಳಗೆ ನೋಡಿ ಕೇಳಿದರು: "ಒಂದೇ ತೂತು ಸಾಕಾಗುತ್ತೇನ್ರೀ? ನಮ್ಮನೇಲಿ ಇನ್ನೊಂದು ಖಾಲಿ ಪೆಟ್ಟಿಗೆ ಬಿದ್ದಿದೆ."

"ತನ್ನಿ ಸಾರ್," ಎಂದಳು ಜಾಲದಕ್ಕ. "ನನ್ನ ಅನುಮತಿ ಮಾತ್ರ ಕೇಳ್ಬೇಡಿ."