ಕೆಂಪು ಬಾಳೆಗೆ ಹಸಿರು ಸಹಿ

ಹದಿನಾಲ್ಕು ವರ್ಷದಿಂದ ಊರ ಮಂದಿಯ ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು ಬೇಸತ್ತಿದ್ದ ಕಲಬುರಗಿಯ ವಿವೇಕಾನಂದನಿಗೆ ಕೊನೆಗೂ ಒಬ್ಬರು ಸಹಿ ಕೇಳಿದ್ದರು! ಪ್ರದರ್ಶನದಲ್ಲಿಟ್ಟಿದ್ದ ಅವನ ಕೆಂಪು ಬಾಳೆಗೊನೆಯ ಚಿತ್ರವನ್ನು ನೋಡಿದ ಕಮಲಾಪುರದ ಚಂದಮ್ಮ, ತನ್ನ ಹೊಸ ಖಾನಾವಳಿಯ ಗೋಡೆಗೆ ಅದೇ ಬೇಕೆಂದು ಸಂಘಟಕರ ಕೈಲಿ ಹೇಳಿ ಕಳಿಸಿದ್ದಳು. "ತೆಗದವರ ಸಹಿ ಇರಬೇಕು. ಸಹಿ ಇಲ್ಲಂದ್ರ ಬ್ಯಾಡ."

ಹೈದರಾಬಾದಿನಿಂದ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ದಪ್ಪ ರಟ್ಟಿಗೆ ಅಂಟಿಸಿ ತರಿಸಿದ್ದಾಯಿತು. ಸಂಜೆಯೊಳಗೆ ಮುಟ್ಟಿಸಬೇಕು. ಬೆವರಿನ ಕಲೆಯಾಗದಂತೆ ಕೈಗೆ ಬಿಳಿ ಗವಸು ಹಾಕಿಕೊಂಡು, ಬೆಳಗಿನಿಂದ ಹಳೇ ಪೇಪರಿನ ಅಂಚಿನಲ್ಲಿ ತನ್ನ ಹೆಸರನ್ನು ಗೀಚಿ ಗೀಚಿ ನೋಡಿದ. ಮರೆಯಬಾರದೆಂದು ಚಿತ್ರದ ಪಕ್ಕದಲ್ಲಿ 'ಸಹಿ ಆಗಬೇಕು' ಎಂಬ ಚೀಟಿಯಿಟ್ಟು, ಹೊದಿಸಲು ಬಟರ್ ಪೇಪರ್ ತರಲು ಒಳಗೆ ಹೋದ.

ಅಷ್ಟರಲ್ಲೇ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರ ಖಂಡೆಪ್ಪನವರು ಎಂದಿನಂತೆ ಪೇಪರ್ ಓದಲು ಬಂದರು. ಫೋಟೋ ಕಂಡರು, ಚೀಟಿ ಕಂಡರು. ನೌಕರಿ ಹೋದರೂ ಚಾಳಿ ಹೋಗಬೇಕಲ್ಲ! ಕೈ ತಾನೇ ಜೇಬಿಗಿಳಿಯಿತು.

ವಿವೇಕಾನಂದ ಹೊರಬಂದಾಗ ಗೊನೆಯ ತುದಿಯಿಂದ ರಟ್ಟಿನ ಅಂಚಿನವರೆಗೆ ಹಸಿರು ಶಾಯಿಯ ಸಹಿಯೂ ದುಂಡನೆಯ ಸೀಲೂ ರಾರಾಜಿಸುತ್ತಿದ್ದವು.

"ಸರ್! ಏನ್ ಮಾಡಿದ್ರೀ ಇದು?"

"ದೃಢೀಕರಣ. ಅರ್ಧ ಫೋಟೋದ ಮ್ಯಾಲ, ಅರ್ಧ ರಟ್ಟಿನ ಮ್ಯಾಲ. ಇನ್ನ ಯಾವ ಆಫೀಸಿನಾಗೂ ವಾಪಸ್ ಕಳಸಂಗಿಲ್ಲ ನೋಡು."

"ಅದು ಬಾಳಿಗೊನಿ ಅದರೀ ಸರ್!"

"ಇರ್ಲಿ ಬಿಡೋ ತಮ್ಮಾ. ಅದರ ಆಧಾರ್ ಕಾರ್ಡ್ ನಾ ಕೇಳಿದ್ನೇನು?"

ವಿವೇಕಾನಂದ ಹತ್ತಿ ತೋಯಿಸಿ ಒರೆಸಹೋದ. "ಏ, ಸೀಲ್ ಅಳಿಸಿದ್ರ ಕೇಸ್ ಆಗ್ತದ!" ಎಂದು ಮಾಸ್ತರು ಗದರಿದರು. ಒರೆಸಿದ್ದರೂ ಗೊನೆಗೆ ಹಸಿರು ಬಳಿದಂತಾಗುತ್ತಿತ್ತು, ಅಷ್ಟೆ. ಇನ್ನೊಂದು ಪ್ರಿಂಟ್ ಬರಬೇಕೆಂದರೆ ಒಂದು ವಾರ. ಹಣೆ ಚಚ್ಚಿಕೊಂಡು, ಅದನ್ನೇ ಸುತ್ತಿಕೊಂಡು ಬಸ್ ಹತ್ತಿದ. ಕಮಲಾಪುರದವರೆಗೂ ಕೂಸಿನಂತೆ ಎದೆಗವಚಿಕೊಂಡೇ ನಿಂತಿದ್ದ.

ಚಂದಮ್ಮ ಹೊದಿಕೆ ಬಿಚ್ಚುವಾಗ ಅವನು ಗಟ್ಟಿಯಾಗಿ ಕಣ್ಣು ಮುಚ್ಚಿದ.

"ಅಯ್ಯ ನಮ್ಮವ್ವಾ! ಸೀಲ್ ಸುದ್ದಾ ಹೊಡದಾರಲ್ರೀ! ಖಂಡೆಪ್ಪ, ಹೆಡ್‌ಮಾಸ್ತರ... ಏನ್ ಚಂದ ಫೋಟೋ ತೆಗದಾರ್ರೀ ಅವರು!"

"ಅಕ್ಕಾರೆ, ಖರೇ ಹೇಳ್ಬೇಕಂದ್ರ ಈ ಸಹಿ..."

"ಯಾಕ, ಖೊಟ್ಟಿ ಅದ ಏನು?" ಚಂದಮ್ಮನ ದನಿ ಏರಿತು. "ಹಂಗಿದ್ರ ಈಗೇ ಹೇಳ್ರಿ, ವಾಪಸ್ ಒಯ್ರಿ. ನಿನ್ನಿ ಹಂತಾದೇ ಒಂದು ತಂದಾಂವಗ ಹೊರಗ ಹಾಕೀನಿ."

ವಿವೇಕಾನಂದ ಗಂಟಲು ಮುಟ್ಟಿಕೊಂಡ. "ಇಲ್ರೀ ಅಕ್ಕಾರೆ. ಮಾಸ್ತರ ಸಹೀನೇ ಅದರಿ. ಆಣಿ ಮಾಡ್ತೀನಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚಿತ್ರ ಗೋಡೆಗೇರಿತು, ಹಣ ಕೈಗೆ ಬಂತು, ಮೇಲೊಂದು ಲೋಟ ಚಹಾ ಕೂಡ. ಬದುಕಿದೆಯಾ ಬಡಜೀವವೇ! ಹೆಸರು ಹೋದರೆ ಹೋಗಲಿ, ಚಿತ್ರವಾದರೂ ಉಳಿಯಿತಲ್ಲ ಎಂದು ಅವನು ನಿರಾಳವಾಗಿ ಚಪ್ಪಲಿ ಮೆಟ್ಟಿದ.

"ನಿಂದ್ರಿ," ಚಂದಮ್ಮ ಕೂಗಿದಳು. "ಶುಕ್ರವಾರ ಉದ್ಘಾಟನಿ ಅದ. ಮಾಸ್ತರಿಗಿ ಕರಕೊಂಡು ಬರ್ರಿ, ಶಾಲು ಹೊದಿಸಿ ಹಾರ ಹಾಕ್ತೀನಿ."

"ಆಯ್ತ್ರಿ."

"ಬರೂಮುಂದ ಅವರ ಕ್ಯಾಮೆರಾನೂ ತರ್ರಿ. ಹಾರ ಹಾಕೂಮುಂದ ಒಂದ್ ಫೋಟೋ ಬೇಕಲ್ಲ. ಹೊಡಿಲಾಕ ಬರ್ತದೇನ್ರೀ ನಿಮಗ?"