ರೊಟ್ಟಿ, ಬೋಲ್ಟು, ಬೂದುಗುಂಬಳ

ಕಟ್ಟುತ್ತಿರುವ ಕಟ್ಟಡದಲ್ಲಿ ದಿನಕ್ಕೊಂದಾದರೂ ವಸ್ತು ಮೇಲಿನಿಂದ ಬೀಳುತ್ತದೆ, ಮತ್ತು ಅದು ತಾನಾಗಿಯೇ ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ನಾನು ಬೇಗೂರಿನ ಹತ್ತಿರ ಏಳುತ್ತಿದ್ದ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನ ಸೇಫ್ಟಿ ಆಫೀಸರ್. ಏನೂ ಬೀಳದಂತೆ ನೋಡಿಕೊಳ್ಳುವುದು, ಬಿದ್ದರೆ ವರದಿ ಬರೆಯುವುದು, ಕೆಳಗಿರುವ ತಲೆಗಳಿಗೆ ಹೆಲ್ಮೆಟ್ ಹಾಕಿಸುವುದು ನನ್ನ ಕೆಲಸ.

ಮೊದಲಿನ ಎರಡು ಹೇಗೋ ನಡೆಯುತ್ತಿದ್ದವು. ಮೂರನೆಯದಕ್ಕೆ ನಮ್ಮ ಹಿರಿಯ ಮೇಸ್ತ್ರಿ ಅಡ್ಡ ನಿಂತಿದ್ದರು. ಕೊಪ್ಪಳದ ಕಡೆಯವರು, ಕೈಕೆಳಗಿನ ನಲವತ್ತು ಜನಕ್ಕೆ ಅವರ ಮಾತೇ ಕಾನೂನು. ಅವರ ಹೆಲ್ಮೆಟ್ ಮಾತ್ರ ಕೊಟ್ಟ ದಿನದಿಂದ ಶೆಡ್ಡಿನ ಮೊಳೆಯಲ್ಲಿ, ಪ್ಲಾಸ್ಟಿಕ್ ಕವರಿನ ಸಮೇತ ನೇತಾಡುತ್ತಿತ್ತು. ಅವರೇ ಹಾಕದ ಮೇಲೆ ಉಳಿದವರು ನನ್ನನ್ನು ಕಂಡಾಗ ಹಾಕಿ, ಬೆನ್ನು ತಿರುಗಿಸಿದಾಗ ತೆಗೆಯುತ್ತಿದ್ದರು. ಆ ಒಂದು ತಲೆಗೆ ಹೆಲ್ಮೆಟ್ ಏರಿಸುವುದು ನನ್ನ ಜೀವನದ ಗುರಿಯಾಗಿಬಿಟ್ಟಿತ್ತು.

ಸಂಡಿಗೆ

ಪ್ರತಿ ಸೋಮವಾರ ಬೆಳಗ್ಗೆ ನನ್ನದೊಂದು ಪಾಠ. ರಿಜಿಸ್ಟರಿನಲ್ಲಿ ಪಾಠ ಮಾಡಿದವರದೊಂದು ಸಹಿ, ಕೇಳಿದವರದೊಂದು ಸಹಿ. ಕೊನೆಗೆ ನಾನು "ತಿಳೀತಾ?" ಅನ್ನಬೇಕು, ಎಲ್ಲರೂ ತಲೆಯಾಡಿಸಬೇಕು.

ಒಂದು ಸೋಮವಾರ ಸ್ವಲ್ಪ ವಿಜ್ಞಾನ ಹೇಳೋಣವೆನಿಸಿತು. "ಬೀಳೋ ವಸ್ತುನ ಭೂಮಿ ಕೆಳಗೆ ಎಳೆಯುತ್ತೆ, ಗಾಳಿ ತಡೆಯುತ್ತೆ. ಎರಡೂ ಸಮ ಆದ್ಮೇಲೆ ವೇಗ ಹೆಚ್ಚಾಗಲ್ಲ. ಅದಕ್ಕೆ ಟರ್ಮಿನಲ್ ವೆಲಾಸಿಟಿ ಅಂತಾರೆ. ಹಗುರವಾಗಿ ಅಗಲವಾಗಿರೋದಕ್ಕೆ ಅದು ಬೇಗ ಬಂದ್ಬಿಡುತ್ತೆ. ಇಟ್ಟಿಗೆ, ಬೋಲ್ಟಿಗೆ ನಮ್ಮ ಬಿಲ್ಡಿಂಗಿನ ಎತ್ತರ ಸಾಲಲ್ಲ. ನೆಲ ಮುಟ್ಟೋವರೆಗೂ ವೇಗ ಏರ್ತಾನೇ ಇರುತ್ತೆ" ಎಂದೆ.

ಮೇಸ್ತ್ರಿ ಕೇಳಿದರು: "ವೇಗ ಏರದಂಗ ನಿಲ್ಲೂದು ಅಂದ್ರ ನಮ್ಮೂರ ಪ್ಯಾಸೆಂಜರ್ ರೈಲಿನಂಗ ಏನ್ರಿ?"

ತೋರಿಸಿಯೇ ಬಿಡೋಣವೆಂದು ಕೆಳಗೆ ಹಗ್ಗ ಕಟ್ಟಿ, ಜನರನ್ನು ದೂರ ನಿಲ್ಲಿಸಿ, ನಾಲ್ಕನೇ ಮಹಡಿಯಿಂದ ಒಂದು ಇಟ್ಟಿಗೆ, ಒಂದು ಖಾಲಿ ಸಿಮೆಂಟ್ ಚೀಲ ಒಟ್ಟಿಗೇ ಬಿಟ್ಟೆ. ಇಟ್ಟಿಗೆ ಧೊಪ್ಪನೆ ಹಗ್ಗದೊಳಗೆ ಬಿತ್ತು. ಚೀಲ ಮಾತ್ರ ಆಲೋಚನೆ ಮಾಡುತ್ತಾ, ತಿರುಗುತ್ತಾ, ಕಾಂಪೌಂಡು ದಾಟಿ ಪಕ್ಕದ ಮನೆಯ ತಾರಸಿಯ ಮೇಲೆ ಇಳಿಯಿತು.

ಐದು ನಿಮಿಷದಲ್ಲಿ ಆ ಮನೆಯ ಹೆಂಗಸು ಚೀಲ ಹಿಡಿದು ಗೇಟಿಗೆ ಬಂದರು. "ಯಾರ್ರೀ ಎಸ್ದಿದ್ದು?"

ನಲವತ್ತು ಬೆರಳು ನನ್ನ ಕಡೆ ತಿರುಗಿದವು. "ಪಾಠ ಮಾಡ್ತಿದ್ದೆ ಅಕ್ಕ" ಎಂದೆ.

"ನನ್ನ ಸಂಡಿಗೆ ಮೇಲಾ?"

ಆಕೆ ಬೈದು ಹೋದ ಮೇಲೆ ಮೇಸ್ತ್ರಿ ನಿಧಾನವಾಗಿ ಹೇಳಿದರು: "ಇಟ್ಟಂಗಿ ಹೇಳಿದ ಜಾಗದಾಗ ಬಿತ್ರಿ. ಹಗುರ ಇದ್ದದ್ದ ಊರು ತಿರುಗಿ ಜಗಳ ತಂತು."

ರೊಟ್ಟಿ

ಒಂಬತ್ತನೇ ಮಹಡಿಯಲ್ಲಿ ಊಟಕ್ಕೆ ಕೂತಿದ್ದ ಒಬ್ಬ ಕೆಲಸಗಾರನ ಬುತ್ತಿಯಿಂದ ಒಂದು ಒಣಗಿದ ಕಟಕ್ ರೊಟ್ಟಿ ಗಾಳಿಗೆ ಹಾರಿತು. ತೇಲಿಕೊಂಡು ಬಂದು, ಕೆಳಗೆ ಫೋನಿನಲ್ಲಿ ಮಾತಾಡುತ್ತಿದ್ದ ನಮ್ಮ ಮ್ಯಾನೇಜರ ಹೆಗಲ ಮೇಲೆ ಕೂತಿತು. ಯಾರೋ ಮುಟ್ಟಿ ಕರೆದರೆಂದು ಅವರು ಹಿಂದೆ ತಿರುಗಿ, "ಒಂದ್ನಿಮಿಷ ಇರಪ್ಪಾ" ಎಂದರು.

ಬಿದ್ದದ್ದು ಬಿದ್ದದ್ದೇ. ವರದಿ ಬರೆದೆ. ಹೆಡ್ ಆಫೀಸಿನ ಮೇಡಂ ಫೋನ್ ಮಾಡಿದರು.

"ವಸ್ತು ಅನ್ನೋ ಕಡೆ ರೊಟ್ಟಿ ಅಂತ ಬರೆದಿದ್ದೀರ."

"ಹೌದು ಮೇಡಂ, ಜೋಳದ್ದು."

"ಡ್ಯಾಮೇಜ್?"

"ಇಲ್ಲ ಮೇಡಂ. ರೊಟ್ಟಿ, ಹೆಗಲು ಎರಡಕ್ಕೂ ಏನೂ ಆಗಿಲ್ಲ."

ಸಂಜೆಗೆ ಆದೇಶ ಬಂತು: ಮೇಲಕ್ಕೆ ಒಯ್ಯುವ ಪ್ರತಿಯೊಂದು ವಸ್ತುವನ್ನೂ ದಾರದಿಂದ ಮೈಗೆ ಕಟ್ಟಿಕೊಂಡಿರತಕ್ಕದ್ದು. ಮರುದಿನ ಮಧ್ಯಾಹ್ನ ಹೋಗಿ ನೋಡಿದರೆ, ಅದೇ ಕೆಲಸಗಾರ ರೊಟ್ಟಿಗೆ ತೂತು ಮಾಡಿ, ದಾರ ಪೋಣಿಸಿ, ಮಣಿಕಟ್ಟಿಗೆ ಕಟ್ಟಿಕೊಂಡು ಶ್ರದ್ಧೆಯಿಂದ ಉಣ್ಣುತ್ತಿದ್ದ.

"ತಿಂದ್ಮೇಲೆ ದಾರ ಏನ್ ಮಾಡ್ತೀಯೋ?" ಎಂದು ಕೇಳಿದೆ.

"ಅದಕ್ಕ ಇನ್ನಾ ಆರ್ಡರ್ ಬಂದಿಲ್ರಿ ಸಾಹೇಬ್ರ."

ಬೋಲ್ಟು

ಇದರಲ್ಲಿ ನಗು ಕಡಿಮೆ. ಹನ್ನೊಂದನೇ ಮಹಡಿಯಲ್ಲಿ ಕೆಲಸಗಾರರು ನಿಲ್ಲಲು ಕಟ್ಟಿದ್ದ ಸಾರುವೆಯಿಂದ ಹೆಬ್ಬೆರಳು ಗಾತ್ರದ ಒಂದು ಬೋಲ್ಟು ಬಿತ್ತು. ಕೆಳಗೆ ಕಾಂಕ್ರೀಟು ನುಣುಪು ಮಾಡುತ್ತಿದ್ದ ಮೇಸ್ತ್ರಿಯ ಕಿವಿಯಿಂದ ಒಂದು ಗೇಣು ಆಚೆ ಬಂದು, ಹಸಿ ಕಾಂಕ್ರೀಟಿನಲ್ಲಿ ಹೂತುಹೋಯಿತು. ನಾನು ಓಡಿಬಂದು ಕೈಯಿಂದ ಅಳೆದೆ. ಒಂದೇ ಗೇಣು. ನನಗೆ ನಿಜಕ್ಕೂ ಹೆದರಿಕೆಯಾಯಿತು, ಆ ದಿನ ಊಟ ಸೇರಲಿಲ್ಲ.

ಮೇಸ್ತ್ರಿ ಬೋಲ್ಟನ್ನು ಅಗೆದು ತೆಗೆದು, ಲುಂಗಿಗೆ ಒರೆಸಿ ನೋಡಿದರು. "ಇದಕ್ಕ ಆ ಟರ್ಮಿನಲ್ ಅಂಬೂದು ಬಂದಿತ್ತೇನ್ರಿ?"

"ಇಲ್ಲ ಮೇಸ್ತ್ರಿ, ಇನ್ನೂ ವೇಗ ಏರ್ತಿತ್ತು. ಕೈ ಮುಗೀತೀನಿ, ಹೆಲ್ಮೆಟ್ ಹಾಕ್ಕೊಳ್ಳಿ."

ಅವರಿಗೂ ಒಳಗೊಳಗೆ ಅಳುಕಿತ್ತೇನೋ. "ನೀವು ಕೈ ಮುಗೀಬ್ಯಾಡ್ರಿ. ಹಾಕೋತೀನಿ" ಎಂದರು. ನನ್ನ ಕಣ್ಣು ತುಂಬಿ ಬಂತು. ಅವರು ಮುಂದುವರಿಸಿದರು: "ಹೊಸಾದು ಐತಿ. ಒಂದು ಚಲೋ ದಿನ ನೋಡಿ ಹಾಕೋತೀನಿ."

ಬೂದುಗುಂಬಳ

ಆಯುಧಪೂಜೆ ಬಂತು. ಕೆಲಸಗಾರರೇ ಬಂದು, "ಈ ಸಲ ಕರಣಿ, ಗುದ್ದಲಿ ಜೋಡಿ ಹೆಲ್ಮೆಟ್ಟೂ ಪೂಜಾಕ್ಕ ಇಡ್ತೀವ್ರಿ" ಎಂದರು. ನನ್ನ ಪಾಠ ಕೊನೆಗೂ ತಲೆಗೆ ಹತ್ತಿತು ಎಂದು ಹಿಗ್ಗಿ, ಎಲ್ಲರಿಗಿಂತ ಮೊದಲು ನನ್ನದನ್ನೇ ತೊಳೆದು ಇಟ್ಟೆ. ಸಾಲಾಗಿ ಹೆಲ್ಮೆಟ್ಟುಗಳು, ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಮಂಗಳಾರತಿ ಆಯಿತು, ಕಡಲೆಪುರಿ ಹಂಚಿದರು.

ಆಗ ಮ್ಯಾನೇಜರು, ಇಡೀ ಕಟ್ಟಡದ ದೃಷ್ಟಿ ಹೋಗಬೇಕು ಎಂದು ಬೂದುಗುಂಬಳಕಾಯಿ, ಕರ್ಪೂರ ಹಿಡಿದು ತುತ್ತತುದಿಗೆ ಹೋದರು. ಅಲ್ಲಿ ಕಾಯಿಯ ಮೇಲೆ ಕರ್ಪೂರ ಹಚ್ಚಿ ನಿವಾಳಿಸಿ, ಕೆಳಗೆ ತಂದು ಗೇಟಿನಲ್ಲಿ ಒಡೆಯುವುದು ಲೆಕ್ಕ. ನಾನು ಸುತ್ತ ನೋಡಿದೆ. ಕಟ್ಟಡದ ಬುಡದಲ್ಲಿ ಎಲ್ಲವೂ ಬರಿ ತಲೆ.

"ಹೆಲ್ಮೆಟ್ ಹಾಕ್ಕೊಳ್ರೋ" ಎಂದೆ.

"ಪೂಜಾ ಆಗೇತಲ್ರಿ ಸಾಹೇಬ್ರ, ಆಯುಧ ನಾಳಿತನಕ ಮುಟ್ಟಂಗಿಲ್ಲ."

ನನ್ನದನ್ನು ಎತ್ತಿಕೊಳ್ಳಲು ಬಗ್ಗಿದೆ. ಗಾರೆ ಕೆಲಸದ ಹೆಂಗಸರೆಲ್ಲ ಒಟ್ಟಿಗೆ "ಅಪಚಾರ" ಎಂದರು. ಕೈ ಹಿಂದೆ ಬಂತು. ಆಗ ಶೆಡ್ಡಿನಿಂದ ಹೊಸ ಪಂಚೆ ಉಟ್ಟು ಮೇಸ್ತ್ರಿ ಬಂದರು. ತಲೆಯ ಮೇಲೆ, ಪ್ಲಾಸ್ಟಿಕ್ ಕವರಿನ ಸಮೇತ, ಹಳದಿ ಹೆಲ್ಮೆಟ್.

"ಮೇಸ್ತ್ರಿ, ನಿಮ್ಮದು ಪೂಜೆಗೆ ಇಡ್ಲಿಲ್ವಾ?"

"ಒಂದಿನಾನೂ ದುಡೀದಿದ್ದಕ್ಕ ಎಂಥಾದ್ರಿ ಪೂಜಾ? ಇವತ್ತ ಚಲೋ ದಿನ ಅಂತ ಹಾಕ್ಕೊಂಡೀನಿ."

ಅಷ್ಟರಲ್ಲಿ ಮೇಲಿನಿಂದ "ಅಯ್ಯೋ" ಎಂದು ಕೇಳಿಸಿತು. ಕರ್ಪೂರ ಕೈ ಸುಟ್ಟು, ಮ್ಯಾನೇಜರು ಕುಂಬಳಕಾಯಿ ಬಿಟ್ಟಿದ್ದರು. ನಾನು ಕಲಿಸಿದಂತೆಯೇ ನಲವತ್ತು ಜನರೂ ಮೇಲೆ ನೋಡದೆ ಛಾವಣಿಯ ಕೆಳಗೆ ಓಡಿದರು. ಕಲಿಸಿದ ನಾನು ಮಾತ್ರ ಬಾಯಿ ತೆರೆದು ಮೇಲೆ ನೋಡುತ್ತಾ ನಿಂತೆ. ದುಂಡಗಿದೆ, ಭಾರವಿದೆ, ಹದಿನಾಲ್ಕು ಮಹಡಿಯಲ್ಲಿ ಇದಕ್ಕೆ ಟರ್ಮಿನಲ್ ವೆಲಾಸಿಟಿ ಬರುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ಮೇಸ್ತ್ರಿ ತಮ್ಮ ಹೆಲ್ಮೆಟ್ ಕಿತ್ತು ನನ್ನ ತಲೆಗೆ ಬಡಿದು, ಕಾಲರ್ ಹಿಡಿದು ಎಳೆದರು. ನಾಲ್ಕು ಹೆಜ್ಜೆ ಓಡಿದ್ದೆವೋ ಇಲ್ಲವೋ, ಹಿಂದೆ ಕುಂಬಳಕಾಯಿ ಸಿಡಿಯಿತು. ಒಂದು ದೊಡ್ಡ ಹೋಳು ಹಾರಿಬಂದು ಹೆಲ್ಮೆಟ್ಟಿಗೆ ಟಕ್ ಎಂದು ಹೊಡೆದು, ಕವರು ಹರಿದುಹೋಯಿತು. ತಲೆ ಉಳಿಯಿತು.

ವರದಿ ನಾನೇ ಬರೆಯಬೇಕಿತ್ತು. ಅಪಾಯದ ಜಾಗದಲ್ಲಿ ನಿಂತವರು: ಸೇಫ್ಟಿ ಆಫೀಸರ್. ಹೆಲ್ಮೆಟ್: ಬೇರೆಯವರದು. ಹೆಡ್ ಆಫೀಸಿನಿಂದ ಉತ್ತರ ಬಂತು: ಸದರಿ ವ್ಯಕ್ತಿಗೆ, ಒಬ್ಬ ಸಾಕ್ಷಿಯ ಎದುರು, ಸೈಟಿನ ಸೇಫ್ಟಿ ಆಫೀಸರಿಂದ ಮತ್ತೊಮ್ಮೆ ಪಾಠ ಮಾಡಿಸತಕ್ಕದ್ದು.

ಮುಂದಿನ ಸೋಮವಾರ ಖಾಲಿ ಶೆಡ್ಡಿನಲ್ಲಿ ನಾನೇ ನಿಂತು ನನಗೇ ಪಾಠ ಹೇಳಿಕೊಂಡೆ. ಸಾಕ್ಷಿಗೆ ಮೇಸ್ತ್ರಿ ಬಂದಿದ್ದರು. ತಲೆಯ ಮೇಲೆ ಹೆಲ್ಮೆಟ್ ಇತ್ತು, ಕವರಿರಲಿಲ್ಲ, ಮುಂದೆ ಮೂರು ಬೆರಳು ವಿಭೂತಿ ಎಳೆದಿದ್ದರು.

"ಇದೇನು ಮೇಸ್ತ್ರಿ?"

"ಒಂದು ದಿನ ದುಡದೈತಲ್ರಿ. ಇನ್ನ ಇದೂ ಆಯುಧನ."

ಹಬ್ಬ ಕಳೆದ ಮೇಲೂ ಅದು ಅವರ ತಲೆಯ ಮೇಲಿರುವುದನ್ನು ಕಂಡು ನನಗಾದ ಸಂತೋಷ ಹೇಳತೀರದು. ಪಾಠ ಮುಗಿಸಿ, ರಿಜಿಸ್ಟರಿನಲ್ಲಿ ಹೇಳಿದವರ ಕಡೆಗೊಂದು, ಕೇಳಿದವರ ಕಡೆಗೊಂದು ಸಹಿ ಹಾಕಿದೆ. ಮೇಸ್ತ್ರಿ ಸಾಕ್ಷಿಯ ಸಹಿಗೆ ಪೆನ್ನು ತೆಗೆದುಕೊಂಡವರು ಹಾಗೇ ತಡೆದು, ನನ್ನ ಮುಖ ನೋಡಿ ಕೇಳಿದರು:

"ತಿಳೀತೇನ್ರಿ?"

ನಾನು ತಲೆಯಾಡಿಸಿದೆ.