ಹಿತ್ತಲ ಬಾಗಿಲ ಬಂಡಾಯ

ಕತೆಗಾರನು ‘ನಾನು’ ಎಂದು ಬರೆದರೆ ಅದನ್ನು ಆತ ಬದುಕಿಯೇ ಬರೆದಿರಬೇಕು ಎಂಬುದು ಜಪಾನಿನ ಸಾಹಿತ್ಯದಲ್ಲಿ ಬಹುಕಾಲದಿಂದ ಜಾರಿಯಲ್ಲಿರುವ ಕಾನೂನು. ಇದನ್ನು ಯಾವ ಸಂಸತ್ತೂ ಅಂಗೀಕರಿಸಿದ್ದಲ್ಲ, ಹಾಗಾಗಿಯೇ ಯಾರೂ ಮೀರುತ್ತಿರಲಿಲ್ಲ. ಯುದ್ಧ ಸೋತ ಮೇಲೆ ಸೈನ್ಯ ಹೋಯಿತು, ಜಮೀನ್ದಾರರ ಗದ್ದೆ ಹೋಯಿತು, ಚಕ್ರವರ್ತಿಗಳು ದೇವರಲ್ಲವೆಂದು ಸ್ವತಃ ಚಕ್ರವರ್ತಿಗಳೇ ತಿಳಿಸಿದರು. ಈ ಕಾನೂನು ಮಾತ್ರ ಕೂದಲು ಕೊಂಕದೆ ಉಳಿಯಿತು.

ಟೋಕಿಯೋದ ಕೊಯೆಂಜಿಯಲ್ಲಿದ್ದ ನುಮಾಜಿರಿ ತೆತ್ಸುಗೊರೊ ಆ ಕಾಲದ ಅಧಿಕೃತ ಬಂಡಾಯ ಲೇಖಕ. ‘ಬೂದಿ’ ಎಂಬ ಮಾಸಪತ್ರಿಕೆ ಮುಖಪುಟದಲ್ಲೇ ಹಾಗೆಂದು ಘೋಷಿಸಿತ್ತು. ಅವನ ಧಾರಾವಾಹಿಯ ‘ನಾನು’ ಹೆಂಡತಿಯ ಚಳಿಗಾಲದ ಕಿಮೊನೊ ಅಡವಿಟ್ಟು ಕುಡಿಯುತ್ತಿದ್ದ, ಚರಂಡಿಯಲ್ಲಿ ಬೀಳುತ್ತಿದ್ದ, ಸಂಸಾರವೆಂಬ ಸಂಸ್ಥೆಯ ಮೇಲೆ ಉಗಿಯುತ್ತಿದ್ದ. ಬರೆಯುವಾಗ ನುಮಾಜಿರಿಯ ಪಕ್ಕದಲ್ಲಿ ಸಾಕೆ ಮದ್ಯದ ಹೂಜಿ ಇರುತ್ತಿತ್ತು, ಹೂಜಿಯಲ್ಲಿ ಬಾರ್ಲಿ ಕಷಾಯ ಇರುತ್ತಿತ್ತು. ಅವನದು ಸೂಕ್ಷ್ಮ ಹೊಟ್ಟೆ. ಒಂಬತ್ತಕ್ಕೆ ಹಾಸಿಗೆ, ಅಂಗಳದಲ್ಲಿ ತಾನೇ ನೆಟ್ಟ ಸಿಹಿಗುಂಬಳ, ಹೆಂಡತಿ ಮಿಯೊ ಮಾಡುವ ಮಿಸೊ ಸಾರು, ಇಷ್ಟೇ ಅವನ ಅಧಃಪತನ. ಮಿಯೊ ಎಂದರೆ ಅವನಿಗೆ ಪ್ರಾಣ. ಈ ಸಂಗತಿ ಹೊರಬಿದ್ದರೆ ತನ್ನ ಸಾಹಿತ್ಯಜೀವನ ಮುಗಿಯಿತೆಂದು ಅವನು ಬಲ್ಲ.

ಮೊದಲು ಹೊರಬಿದ್ದದ್ದು ಕಿಮೊನೊ. ಸಂತೆಯಲ್ಲಿ ಮೂಲಂಗಿ ಕೊಳ್ಳುತ್ತಿದ್ದ ಮಿಯೊಳ ಮೈಮೇಲೆ ಅದನ್ನು ಕಂಡ ಶಾಲಾ ಮಾಸ್ತರನೊಬ್ಬ ನೇರ ಪತ್ರಿಕೆಯ ಕಚೇರಿಗೆ ಹೋಗಿ ಗಳಗಳನೆ ಅತ್ತುಬಿಟ್ಟ.

“ಆ ಕಂತು ಓದಿ ನಾನು ನನ್ನ ಹೆಂಡ್ತಿ ಕಿಮೊನೊ ಅಡವಿಟ್ಟೆ ಸ್ವಾಮೀ! ಅವರ ಹೆಂಡ್ತೀದು ನೋಡಿದ್ರೆ ಇನ್ನೂ ಮೈಮೇಲೇ ಇದೆ!”

‘ಬೂದಿ’ ತಡಮಾಡಲಿಲ್ಲ. ಮುಂದಿನ ಸಂಚಿಕೆಯಲ್ಲೇ ಪ್ರಕಟಣೆ ಹೊರಟಿತು: “ಓದುಗರ ಹಿತದೃಷ್ಟಿಯಿಂದ ಪತ್ರಿಕೆಯು ಸತ್ಯಾಂಶ ಪರಿಶೀಲನಾ ವಿಭಾಗವೊಂದನ್ನು ತೆರೆದಿದೆ. ಇನ್ನು ಮುಂದೆ ಲೇಖಕರ ಪಾಪಗಳನ್ನು ಸ್ಥಳಪರಿಶೀಲನೆ ನಡೆಸಿದ ನಂತರವೇ ಅಚ್ಚಿಗೆ ಕಳಿಸಲಾಗುವುದು. ಈಗಾಗಲೇ ಅಚ್ಚಾಗಿರುವ ಪಾಪಗಳನ್ನು ಲೇಖಕರು ಆದಷ್ಟು ಬೇಗ ಮಾಡಿ ಮುಗಿಸತಕ್ಕದ್ದು.”

ವಿಭಾಗದ ಮುಖ್ಯಸ್ಥನಾಗಿ ಅರಿಗಾ ಎಂಬ ಉಪಸಂಪಾದಕ ನೇಮಕಗೊಂಡ. ಯುದ್ಧಕಾಲದಲ್ಲಿ ಲೇಖಕರು ದೇಶಭಕ್ತರೋ ಅಲ್ಲವೋ ಎಂದು ಪರಿಶೀಲಿಸುತ್ತಿದ್ದವನು ಅವನೇ, ಆದ್ದರಿಂದ ಅನುಭವದ ಕೊರತೆ ಇರಲಿಲ್ಲ. ಕಿಮೊನೊವನ್ನು ಅವನೇ ಹೊತ್ತು ಅಡವಿನ ಅಂಗಡಿಗೆ ಮುಟ್ಟಿಸಿದ. ಸ್ಟೇಷನ್ ಎದುರಿನ ಚರಂಡಿಗೆ ನುಮಾಜಿರಿ ಬೀಳುವಾಗ ಕನ್ನಡಕ ಒಡೆಯದಿರಲೆಂದು ಅದನ್ನು ಕೈಯಲ್ಲಿ ಹಿಡಿದು ನಿಂತ. ನುಮಾಜಿರಿ ಎಲ್ಲವನ್ನೂ ಸಹಿಸಿದ. ಲೋಕದವರಿಗೆ ‘ಮಾಡಿದ್ದುಣ್ಣೋ ಮಹಾರಾಯ’, ತನಗೆ ಬರೆದದ್ದುಣ್ಣೋ ಎಂದು ಸಮಾಧಾನ ಹೇಳಿಕೊಂಡ.

ಆದರೆ ಸೆಪ್ಟೆಂಬರ್ ಕಂತಿನ ಕೊನೆಯ ಸಾಲು ಹೀಗಿತ್ತು: ‘ನಾಳೆ ನಾನು ಹೆಂಡತಿಯನ್ನು ಬಿಟ್ಟು ಹೋಗುತ್ತೇನೆ.’ ಒಲೆಯ ಮೇಲೆ ಕುಂಬಳಕಾಯಿ ಬೇಯುವ ವಾಸನೆ ಮೂಗಿಗೆ ಬಡಿದು, ಬೇಗ ಮುಗಿಸಿ ಊಟಕ್ಕೆ ಏಳುವ ಆತುರದಲ್ಲಿ ಗೀಚಿದ ಸಾಲು ಅದು. ಸಂಚಿಕೆ ಅಂಗಡಿಗೆ ಬಂದ ದಿನವೇ ಅರಿಗಾ ಮನೆಗೆ ಬಂದ.

“ಮೇಷ್ಟ್ರೇ, ನಾಳೆ ಬೆಳಿಗ್ಗೆ ಬಿಟ್ಟು ಹೋಗ್ತೀರೋ, ಊಟ ಮಾಡ್ಕೊಂಡೋ?”

“ಸುಮ್ನೆ ಬರೆದೆ ಕಣಯ್ಯಾ! ಕೊಲೆ ಮಾಡ್ತೀನಿ ಅಂತ ಬರೆದಿದ್ರೆ ಏನ್ಮಾಡ್ತಿದ್ದೆ?”

“ಅದಕ್ಕೆ ಪ್ರಧಾನ ಸಂಪಾದಕರ ಒಪ್ಪಿಗೆ ತಗೋಬೇಕಾಗ್ತಿತ್ತು. ಇದಕ್ಕೆ ನಾನೇ ಸಾಕು.”

“ಹೋಗಲ್ಲ. ನಾನು ಬಂಡಾಯಗಾರ. ನಿಮ್ಮ ವಿಭಾಗಕ್ಕೇ ಬಂಡಾಯ!”

“ಹೆಂಡ್ತಿ ಜೊತೆ ಮನೇಲಿರೋದು ಬಂಡಾಯ ಅಲ್ಲ ಮೇಷ್ಟ್ರೇ, ಸಂಸಾರ. ಮುಂದಿನ ಸಂಚಿಕೇಲಿ ನಿಮ್ಮ ಹೆಸರಿನ ಮುಂದೆ ‘ಸುಖಸಂಸಾರಿ’ ಅಂತ ಹಾಕ್ಬೇಕಾಗತ್ತೆ.”

ರಾಜ್ಯ, ಸಮಾಜ, ದೇವರು ಮೂವರನ್ನೂ ಧಿಕ್ಕರಿಸಿದ್ದ ನುಮಾಜಿರಿ ಈ ಅರಿಗಾನ ಮುಂದೆ ತಲೆಯಾಡಿಸಿ ಒಪ್ಪಿಕೊಂಡ. ತಾನು ಎಂಥ ಹೇಡಿ ಎಂದು ಅವನಿಗೇ ನಾಚಿಕೆಯಾಯಿತು, ಆ ನಾಚಿಕೆಯಿಂದ ಒಂದು ಕಂತು ಆಗಬಹುದೆಂದೂ ಹೊಳೆಯಿತು.

ಮಾರನೆಯ ದಿನ ಮಿಯೊ ಚೀಲ ತುಂಬಿಕೊಟ್ಟಳು. “ರೀ, ಹೊಟ್ಟೆಪಟ್ಟಿ ಕಟ್ಕೊಳ್ಳಿ, ತಂಡಿ ಆಗುತ್ತೆ. ಅನ್ನದುಂಡೆ ಇಟ್ಟಿದೀನಿ. ಬಿಟ್ಟು ಹೋಗ್ತಿದೀನಿ ಅನ್ನೋ ಜಂಬದಲ್ಲಿ ತಿನ್ನೋದು ಮರೀಬೇಡಿ.”

ನುಮಾಜಿರಿ ಹಿಂದಿರುಗಿ ನೋಡದೆ ಗೇಟು ದಾಟಿದ. ಅರಿಗಾ ಕರೆತಂದಿದ್ದ ಫೋಟೋಗ್ರಾಫರ್ ಕೂಗಿದ: “ಇನ್ನೊಂದ್ಸಲ ಬಿಟ್ಟು ಹೋಗಿ ಮೇಷ್ಟ್ರೇ, ಬೆಳಕು ಸಾಲ್ಲಿಲ್ಲ!”

ನುಮಾಜಿರಿ ವಾಪಸು ಬಂದು ಮತ್ತೊಮ್ಮೆ ಬಿಟ್ಟುಹೋದ. ಮೊದಲ ಸಲ ನಗು ತಡೆದುಕೊಂಡಿದ್ದ ಮಿಯೊ ಎರಡನೆಯ ಸಲ ನಿಜವಾಗಿಯೂ ಅತ್ತಳು. ಚಿತ್ರ ಚೆನ್ನಾಗಿ ಬಂತು. ಅವನಿಗೆ ಮಾತ್ರ ಸ್ಟೇಷನ್ನಿನವರೆಗೂ ಆ ಅಳು ಕಿವಿಯಲ್ಲೇ ಇತ್ತು.

ಪತ್ರಿಕೆಯವರು ಅವನನ್ನು ಸುಟ್ಟ ಕರುಳು ಮಾರುವ ಅಂಗಡಿಯ ಅಟ್ಟದ ಮೇಲಿರಿಸಿದರು. ಹೊಗೆಗೆ ಕಣ್ಣು, ಎಣ್ಣೆಗೆ ಹೊಟ್ಟೆ ಕೆಟ್ಟವು. ಅಷ್ಟರಲ್ಲಿ ವಿಭಾಗದಿಂದ ಸೂಚನೆ ಬಂತು: “ಹೆಂಡತಿಯನ್ನು ತೊರೆದ ಲೇಖಕನು ತಿಂಗಳೊಳಗೆ ಮತ್ತೊಬ್ಬ ಮಹಿಳೆಯ ಮೋಹದಲ್ಲಿ ಬೀಳತಕ್ಕದ್ದು. ತಪ್ಪಿದಲ್ಲಿ ಆತನು ಕೇವಲ ಪ್ರವಾಸದಲ್ಲಿದ್ದಾನೆಂದು ಪರಿಗಣಿಸಲಾಗುವುದು.” ಅಂದು ಮುಸ್ಸಂಜೆ ನುಮಾಜಿರಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕಳ್ಳಬೆಕ್ಕಿನ ಹಾಗೆ ತನ್ನ ಮನೆಯ ಹಿತ್ತಲ ಬಾಗಿಲು ತಟ್ಟಿದ. ಮಿಯೊ ಸಾರು ಬಡಿಸಿದಳು. ಎರಡನೆಯ ಬಟ್ಟಲಿಗೆ ಬಾಯಿ ಹಾಕುವಾಗ, ಹಿಂಬಾಲಿಸಿ ಬಂದಿದ್ದ ಅರಿಗಾ ಒಳಗೆ ಕಾಲಿಟ್ಟ.

“ಮೇಷ್ಟ್ರೇ, ಇದು ಓದುಗರಿಗೆ ಮಾಡೋ ದ್ರೋಹ.”

ಮಿಯೊ ಸೌಟು ಕೆಳಗಿಡದೆ ಕೇಳಿದಳು: “ಅರಿಗಾ ಅವರೇ, ಇವರು ಹೆಂಡ್ತೀನ ಬಿಟ್ಟಿರೋದು ನಿಜ ತಾನೇ? ನೀವೇ ಫೋಟೋ ತೆಗೆಸಿದ್ದೀರಿ.”

“ನಿಜ.”

“ಹಂಗಾದ್ರೆ ಈ ಮನೇಲಿ ಅವರ ಹೆಂಡ್ತಿ ಇಲ್ಲ. ನಾನ್ಯಾರೋ ಬೇರೆ ಹೆಂಗಸು. ಮೋಹ ಆಗಿದೆ, ಬಂದಿದ್ದಾರೆ. ನೀವೂ ಒಂದು ಬಟ್ಟಲು ತಗೊಳ್ಳಿ.”

ಅರಿಗಾ ಸಾರು ಕುಡಿದ, ಕಚೇರಿಗೆ ಹೋಗಿ ವರದಿ ಒಪ್ಪಿಸಿದ. ವಿಭಾಗವು ವಿವರವಾಗಿ ಚರ್ಚಿಸಿ, ಸದರಿ ಮಹಿಳೆಯು ಲೇಖಕನ ಮಡದಿಯಾಗಿ ಪ್ರಸ್ತುತ ಮುಂದುವರಿದಿಲ್ಲವಾದ್ದರಿಂದ ಪ್ರೇಮ ಸಾಚಾ ಎಂದು ತೀರ್ಮಾನಿಸಿತು. ಷರತ್ತುಗಳು ಇಷ್ಟೇ: ಮುಸ್ಸಂಜೆಗೆ ಮುನ್ನ ಬರಕೂಡದು, ಹಿತ್ತಲ ಬಾಗಿಲನ್ನೇ ಬಳಸತಕ್ಕದ್ದು, ಕುಂಬಳದ ಪಾತಿಯಲ್ಲಿ ಕಳೆ ಕೀಳುತ್ತ ಓದುಗರ ಕಣ್ಣಿಗೆ ಬೀಳಕೂಡದು. ‘ಹಿತ್ತಲ ಬಾಗಿಲ ಹೆಂಗಸು’ ಎಂಬ ಕಂತು ಬಂದದ್ದೇ ತಡ ಸಂಚಿಕೆ ಖಾಲಿಯಾಯಿತು. ಕಿಮೊನೊ ಕಳೆದುಕೊಂಡಿದ್ದ ಮಾಸ್ತರನೂ ಸಮಾಧಾನಗೊಂಡು, ತನ್ನ ಹೆಂಡತಿಯನ್ನು ಬಿಟ್ಟ.

ಬೀದಿಯವರೂ ಸಹಕರಿಸಿದರು. ಪಕ್ಕದ ತೋಫು ಅಂಗಡಿಯ ಷಿಗೆ ಎಂಬ ಮುದುಕಿ ನುಮಾಜಿರಿಯನ್ನು ಸ್ಟೇಷನ್ನಿನ ಹತ್ತಿರ ಅಡ್ಡಗಟ್ಟಿ ಝಾಡಿಸಿದಳು: “ಬಂಗಾರದಂಥ ಹೆಂಡ್ತೀನ ಬಿಟ್ಟು ಆ ಮಾಯಾವಿ ಹಿಂದೆ ಬಿದ್ದಿದೀಯಲ್ಲೋ, ನಿನ್ ಬಾಯಿಗೆ ಮಣ್ಣು ಹಾಕ!” ಅದೇ ಬಾಯಲ್ಲಿ ಮುಂಬಾಗಿಲಿಗೆ ಹೋಗಿ ಮಿಯೊಳಿಗೆ ಪುಕ್ಕಟೆ ತೋಫು ಕೊಟ್ಟು, “ಧೈರ್ಯವಾಗಿರು ತಾಯಿ, ಅವಳ ಕಾಲ ಎಷ್ಟು ದಿನ?” ಎಂದಳು. ಮಿಯೊ ತೋಫು ತೆಗೆದುಕೊಂಡು ನಮಸ್ಕರಿಸಿದಳು. ಸಂಜೆ ಅದೇ ತೋಫು ನುಮಾಜಿರಿಯ ಸಾರಿನಲ್ಲಿತ್ತು.

ಚಳಿ ಬಿದ್ದ ಒಂದು ಸಂಜೆ, ಸಾರು ಮುಗಿಸಿದ ನುಮಾಜಿರಿಗೆ ಏಳಲು ಮನಸ್ಸಾಗಲಿಲ್ಲ. ಎದೆ ಬಿರಿಯುವಷ್ಟು ಆಸೆಯಾಯಿತು.

“ಮಿಯೊ, ಸಾಹಿತ್ಯ ಹಾಳಾಗಿ ಹೋಗ್ಲಿ. ನಾನು ಇಲ್ಲೇ ಇದ್ದುಬಿಡ್ತೀನಿ.”

ಮಿಯೊ ಬಟ್ಟಲು ತೊಳೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಏನಾದರೂ ತಮಾಷೆ ಮಾಡುತ್ತಾಳೆಂದು ಅವನು ಕಾದ. ಅವಳ ಕಣ್ಣುಗಳು ಒದ್ದೆಯಾಗಿದ್ದವು.

“ನಿಮ್ಮನ್ನ ಹೇಗ್ರೀ ನಂಬೋದು? ಪತ್ರಿಕೆಯೋರು ಹೇಳಿದ್ರು ಅಂತ ಕಟ್ಕೊಂಡ ಹೆಂಡ್ತೀನೇ ಎರಡು ಸಲ ಬಿಟ್ಟೋರು ನೀವು. ನಾಳೆ ನನ್ನನ್ನೂ ಬಿಡ್ತೀರಿ.”

ನುಮಾಜಿರಿಗೆ ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಬೇಲಿಯ ಹತ್ತಿರ ಕಾದಿದ್ದ ಅರಿಗಾ ಮಿಯೊಳ ಮಾತನ್ನು ಅಕ್ಷರಶಃ ಕೇಳಿಸಿಕೊಂಡಿದ್ದ, ಸ್ಥಳಪರಿಶೀಲನೆ ಪೂರ್ತಿಯಾಗಿತ್ತು.

“ಅದ್ಭುತ ಮೇಷ್ಟ್ರೇ,” ಎಂದ. “ಇದನ್ನ ಹಾಗೇ ಬರೀರಿ.”

ನುಮಾಜಿರಿ ಹಾಗೇ ಬರೆದ.